ಅಜ್ಜನ ಫೋಟೋಕ್ಕ ಯಾವ ಪ್ರಿಂಟರ್?

ಮಂಜು (ಬಾಗಲಕೋಟಿ): ನಮ್ಮ ಮನಿತನದ ಗುಂಪಿಗೆ ನಾ ಹಾಕಿದ ಪ್ರಿಂಟರ್ ಜಾಹೀರಾತು ನೋಡ್ರಿ ಎಲ್ಲಾರೂ. ಎಲ್ಲಾರೂ ಕೂಡಿಸಿದ ಪಟ್ಟಿ ರೊಕ್ಕದಾಗ ಇದನ್ನ ತಗೊಳ್ಳೂಣು. ನಾಕು ಬಣ್ಣದ ಇಂಕ್ ಟ್ಯಾಂಕ್, ಅಗ್ಗ ಐತಿ. ಅಜ್ಜನ ಫೋಟೋ ಎ4 ಸೈಜಿಗೆ ಹೊಡದು ಮನಿಗೊಂದು ಕೊಟ್ರಾತು.

ಬಸು ಕಾಕಾ (ವಿಜಯಪುರ): ಲೇ ಮಂಜ್ಯಾ, ಅದು ಬಿಲ್ ಹೊಡ್ಯಾಕ ಚಲೋ. ನಾಕು ಬಣ್ಣದಾಗ ಹಣಿ, ಗಲ್ಲದ ತಿಳಿ ಭಾಗಕ್ಕ ಚುಕ್ಕಿ ದೂರ ದೂರ ಬೀಳತಾವ, ರವಾ ಚೆಲ್ಲಿದಂಗ ಕಾಣ್ತೈತಿ. ತಿಳಿ ಸಯಾನ್ (ನೀಲಿ), ತಿಳಿ ಮಜೆಂಟಾ (ಗುಲಾಬಿ) ಇರೋ ಆರು ಬಣ್ಣದ್ದು ಬೇಕು. ಎಪ್ಸನ್ ಎಲ್8050 ಹಂತಾದ್ದು.

ಸುನೀತಾ ಅಕ್ಕ (ಬೆಳಗಾವಿ): ಕಾಕಾ, ಆರು ಬಣ್ಣ ಇದ್ರೂ ಅದು ಡೈ ಇಂಕೇ ಅಲ್ರೀ? ಗ್ವಾಡಿಗೆ ಹಾಕೂದು ಅಂದ್ರ ಪಿಗ್ಮೆಂಟ್ ಬೇಕು. ಡೈ ನೀರಾಗ ಕರಗಿದ ಬಣ್ಣ, ಬೆಳಕು, ಗಾಳ್ಯಾಗಿನ ಓಝೋನಿಗೆ ಲಗೂನ ಕೆಡತೈತಿ. ಪಿಗ್ಮೆಂಟ್ ಗಟ್ಟಿ ಕಣ, ಮ್ಯಾಲಿಂದು ಕೆಟ್ರೂ ಒಳಗಿಂದು ಉಳಿತೈತಿ. ನಮ್ಮಲ್ಲಿ ಮಳಿಗಾಲದ ತೇವಕ್ಕ ಡೈ ಹರಡತೈತಿ ಬ್ಯಾರೆ.

ಮಂಜು: ಹಂಗಾರ ಕಾಕಾ ಹೇಳಿದ ಮಷಿನ್ನಿಗೇ ಪಿಗ್ಮೆಂಟ್ ಬಾಟ್ಲಿ ಹಾಕಿದ್ರಾತು 😀

ಬಸು ಕಾಕಾ: ಅದೊಂದು ಮಾಡಬ್ಯಾಡ. ಪಿಗ್ಮೆಂಟ್ ಟ್ಯಾಂಕಿನ ತಳಕ್ಕ, ನಳಿಗೆ ಇಳಿದು ಕೂಡತೈತಿ, ಇಂಕ್ ಸಿಡಿಸೋ ಹೆಡ್ ಕಟ್ಟತೈತಿ. ಡ್ರೈವರ್, ಅಂದ್ರ ಪ್ರಿಂಟರ್ ನಡಸೋ ಸಾಫ್ಟ್‌ವೇರ್, ಅದರ ಲೆಕ್ಕ ಡೈ ಇಂಕಿಂದು, ಅದಕ್ಕ ಬಣ್ಣಾನೂ ತಪ್ಪತಾವ. ಹೊಳಪಿನ ಗ್ಲಾಸಿ ಕಾಗದದಾಗ ಪಿಗ್ಮೆಂಟ್ ಪ್ರಿಂಟ್ ಓರೆ ಹಿಡದು ನೋಡು, ಕಪ್ಪಿನ ಮ್ಯಾಲೆ ಹಿತ್ತಾಳಿ ಛಾಯಾ ಹೊಡಿತೈತಿ. ಕ್ಯಾನನ್ ಪ್ರೊ-300 ಅನ್ನೋ ಪಿಗ್ಮೆಂಟ್ ಪ್ರಿಂಟರಿನ್ಯಾಗ ಹತ್ತನೇ ಕಾರ್ಟ್ರಿಜ್ ಬಣ್ಣಾನೇ ಅಲ್ಲ, ಆ ಹೊಳಪು ಸಮ ಮಾಡೋ ದ್ರವ. ಇನ್ನ ನಮ್ಮೂರ ಬ್ಯಾಸಗಿಗೆ ಇಂಕ್ ಲಗೂನ ಒಣಗತೈತಿ. ವಾರಕ್ಕೊಮ್ಮೆ ನಾಝಲ್ ಚೆಕ್ (ಇಂಕಿನ ತೂತು ಕಟ್ಟ್ಯಾವೇನು ನೋಡೋ ಪ್ರಿಂಟ್) ತೆಗಿಬೇಕು. ಮಷಿನ್ ಬಟನ್ನಿಂದನ ಬಂದ್ ಮಾಡಬೇಕು. ಗ್ವಾಡಿ ಸ್ವಿಚ್ ತಗದ್ರ ಹೆಡ್ ತನ್ನ ಮುಚ್ಚಳದ (ಕ್ಯಾಪ್) ಮ್ಯಾಲೆ ಕೂಡಂಗಿಲ್ಲ, ಇಂಕ್ ಒಣಗತೈತಿ. ಆಮ್ಯಾಲೆ ಮ್ಯಾಲಿಂದ ಮ್ಯಾಲೆ ಕ್ಲೀನಿಂಗ್ ಹೊಡದ್ರ ತೊಳದ ಇಂಕ್ ಹೀರೋ ವೇಸ್ಟ್ ಇಂಕ್ ಪ್ಯಾಡ್ ತುಂಬತೈತಿ.

ಸುನೀತಾ ಅಕ್ಕ: ಇದು ಖರೇ. ಆದ್ರ ಪ್ರೊ-300ರ ಹತ್ತು ಕಾರ್ಟ್ರಿಜ್ ಯಾರ್ ಕೊಳ್ಳೋರು? ಒಟ್ಟು ಮನಿ ಎಷ್ಟು, ಹದಿನಾಲ್ಕು. ಹದಿನಾಲ್ಕು ಫೋಟೋಕ್ಕ ಮಷಿನ್ ಬ್ಯಾಡೇ ಬ್ಯಾಡ. ಪಿಗ್ಮೆಂಟ್ ಪ್ರಿಂಟರ್ ಇರೋ ಲ್ಯಾಬಿನ್ಯಾಗ ಹೊಡಸೂಣು.

ಬಸು ಕಾಕಾ: ಮದುವಿ, ಮುಂಜಿವಿ, ಸೀಮಂತ ಬರಂಗಿಲ್ಲೇನ್ ಮುಂದ? ಡೈ ಇರಲಿ. ಕಂಪನಿ ಇಂಕ್, 260 ಜಿಎಸ್ಎಮ್ (ಚದರ ಮೀಟರಿಗೆ 260 ಗ್ರಾಂ) ದಪ್ಪನ ಆರ್‌ಸಿ, ಅಂದ್ರ ಪ್ಲಾಸ್ಟಿಕ್ ಲೇಪದ ಫೋಟೋ ಕಾಗದ, ಡ್ರೈವರಿನ್ಯಾಗ ಅದೇ ಕಾಗದದ ಹೆಸರು ಆರಿಸು. 24 ತಾಸು ಒಣಗಿಸಿ ಗಾಜಿನ ಫ್ರೇಮಿಗೆ ಹಾಕು. ಗಾಜು ಓಝೋನ್ ತಡೀತೈತಿ. ಗಾಜು, ಫೋಟೋ ನಡಕ ಮೌಂಟ್ ಬೋರ್ಡ್ (ನಡುವ ಕತ್ತರಿಸಿದ ದಪ್ಪ ರಟ್ಟು) ಇರಲಿ, ಇಲ್ಲಾಂದ್ರ ಅಂಟತೈತಿ.

ಮಂಜು: ಮೂಲ ಫೋಟೋ 2×3 ಇಂಚು ಐತಿ. ಎ4ಕ್ಕ ಹೋಗ್ತೈತೇನು?

ಸುನೀತಾ ಅಕ್ಕ: 1200 ಡಿಪಿಐಗೆ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡು, 2400×3600 ಪಿಕ್ಸೆಲ್ ಬರ್ತೈತಿ. ಪ್ರಿಂಟಿಗೆ ಇಂಚಿಗೆ 300ರ ಲೆಕ್ಕಕ್ಕ 8×12 ಇಂಚು ಆತು, ಹೆಚ್ಚುಕಮ್ಮಿ ಎ4 ಅಷ್ಟ. ಮೊಬೈಲಿಂದ ಫೋಟೋ ತಗದು ವಾಟ್ಸಾಪಿಗೆ ಕಳಸಬ್ಯಾಡ, ಕುಗ್ಗತೈತಿ. ಸ್ಕ್ಯಾನ್ ಫೈಲನ್ನ ಡಾಕ್ಯುಮೆಂಟ್ ಅಂತ ಹಾಕು.

ಬಸು ಕಾಕಾ: ಮತ್ತ ಮಷಿನ್?

ಸುನೀತಾ ಅಕ್ಕ: ಕಾಕಾ, ನೀವು ಹೇಳೋ ಇಂಕಿಂದು ಒಂದು, ಲ್ಯಾಬಿಂದು ಒಂದು ಪ್ರಿಂಟ್ ತಗೊಂಡು ಎರಡೂ ಅರ್ಧ ಕತ್ತರಸ್ರಿ. ಒಂದೊಂದು ಅರ್ಧ ಬಿಸಲ ಕಿಡಕಿಗೆ, ಉಳದದ್ದು ಕತ್ತಲಿರೋ ಟ್ರೆಜರಿ ಕಪಾಟಿನ್ಯಾಗ. ಮೂರು ತಿಂಗಳಾದ ಮ್ಯಾಲೆ ಜೋಡಿಸಿ ಗುಂಪಿಗೆ ಹಾಕ್ರಿ.

ಬಸು ಕಾಕಾ: ಹಾಕ್ತೀನಿ. ಪಟ್ಟಿ ರೊಕ್ಕ ಅಲ್ಲೀತನಕ ಮಂಜ್ಯಾನ ಕೈಯಾಗ ಇರೂದು ಬ್ಯಾಡ.