ಚಿತ್ರನಕ್ಷೆಯಲ್ಲಿ ಯಾವ ಊರಿಗೆ ಎಷ್ಟು ಜಾಗ?

ಪ್ರಶ್ನೆ

ತರಗತಿಯ ಗೋಡೆಗೆ ನಮ್ಮ ದೇಶದ ಚಿತ್ರನಕ್ಷೆ ಬಿಡಿಸುತ್ತಿದ್ದೇನೆ. ಅಳತೆಯ ನಕ್ಷೆ ಅಲ್ಲ. ಕಟ್ಟಡ, ಪ್ರಾಣಿ, ಬೆಳೆ, ಕುಣಿತ ಎಲ್ಲ ತುಂಬಿರುವಂಥದ್ದು. ಅರ್ಧ ಮುಗಿಸಿ ದೂರ ನಿಂತು ನೋಡಿದೆ. ರಾಜಧಾನಿಯ ಸುತ್ತಲೇ ಹನ್ನೊಂದು ಚಿತ್ರ. ಗಡಿಯ ಕಡೆಗೆ ಒಂದೇ ಒಂದು ಮರ. ಆ ಕಡೆಯಿಂದ ಬಂದ ಮಗು ನನ್ನ ತರಗತಿಯಲ್ಲೇ ಇದೆ. ಮನಸ್ಸು ಕೊರೆಯುತ್ತಿದೆ. ಹಿಂದಿನವರು ಇದನ್ನು ಹೇಗೆ ಮಾಡಿದರು?

ಉತ್ತರ 1

ನನಗೆ ತುಂಬಾ ಇಷ್ಟವಾದ ನಕ್ಷೆ 'ಲಿಯೋ ಬೆಲ್ಜಿಕಸ್'. 1583ರಲ್ಲಿ ಮೈಕೇಲ್ ಐಟ್ಸಿಂಗರ್ ಪ್ರಕಟಿಸಿದ್ದು. ಈಗಿನ ನೆದರ್ಲ್ಯಾಂಡ್ಸ್, ಬೆಲ್ಜಿಯಂ ಕಡೆಯ 17 ಪ್ರಾಂತ್ಯಗಳು ಸೇರಿ ಒಂದು ಸಿಂಹ. ಅಲ್ಲಿನ ಎಷ್ಟೋ ಪ್ರಾಂತ್ಯಗಳ ಲಾಂಛನದಲ್ಲಿ ಮೊದಲೇ ಸಿಂಹ ಇತ್ತು, ಹಾಗಾಗಿ ಜನರಿಗೆ ಅದು ಹೊಸದಲ್ಲ. ಆದರೆ ಒಂದು ಮಾತು ಗಮನಿಸಿ. ಉತ್ತರದ ಪ್ರಾಂತ್ಯಗಳು ಸ್ಪೇನಿನ ದೊರೆ ನಮಗೆ ಬೇಡ ಎಂದು 1581ರಲ್ಲೇ ಸಾರಿಬಿಟ್ಟಿದ್ದವು. ನೆಲ ಸೀಳಿತ್ತು, ಕಾಗದದ ಮೇಲೆ ಸಿಂಹ ಮಾತ್ರ ಇಡಿಯಾಗಿತ್ತು!

1648ರಲ್ಲಿ ಸ್ಪೇನ್ ಆ ಉತ್ತರದ ಪ್ರಾಂತ್ಯಗಳ ಸ್ವಾತಂತ್ರ್ಯ ಒಪ್ಪಿತು. ಆಗ ಕ್ಲಾಸ್ ವಿಸ್ಚರ್ ಹೆಸರಿನಲ್ಲಿ ಬಂದ ನಕ್ಷೆಯಲ್ಲಿ ಹಾಲೆಂಡ್ ಎಂಬ ಒಂದೇ ಪ್ರಾಂತ್ಯ ಸಿಂಹವಾಯಿತು. ಉಳಿದವರಿಗೆ ಅದರಲ್ಲಿ ಬಾಲವೂ ಇಲ್ಲ. ನಿಮ್ಮ ಹನ್ನೊಂದು ಚಿತ್ರದ ಸಮಸ್ಯೆ ಇದೇ ಅಲ್ವಾ?

ಉತ್ತರ 2

1537ರಲ್ಲಿ ಯೊಹಾನೆಸ್ ಪುಚ್ ಯುರೋಪನ್ನೇ ರಾಣಿಯಾಗಿ ಬಿಡಿಸಿದ. ಸ್ಪೇನ್ ತಲೆ, ಕಿರೀಟ ಅಲ್ಲೇ. ಆಗ ಅಲ್ಲಿ ಆಳುತ್ತಿದ್ದದ್ದು ಹ್ಯಾಬ್ಸ್‌ಬರ್ಗ್ ಮನೆತನ. ತಲೆ ಯಾರಿಗೆ ಕೊಡುತ್ತೀರಿ ಅನ್ನೋದೇ ಮುಖ್ಯ. ಸುಮ್ನೆ ಅಂದಕ್ಕೆ ಅಂತ ಯಾರೂ ಕೊಡುವುದಿಲ್ಲ.

ಉತ್ತರ 3

ನೀವು 'ಕಾರ್ಟಾ ಮರೀನಾ' ನೋಡಲೇಬೇಕು. ಸ್ವೀಡನ್ನಿನ ಪಾದ್ರಿ ಓಲಾಸ್ ಮ್ಯಾಗ್ನಸ್ ತನ್ನ ನಾಡಿನಿಂದ ದೂರವಿದ್ದು ಮಾಡಿದ ಉತ್ತರ ಯುರೋಪಿನ ನಕ್ಷೆ, 1539ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಎಲ್ಲರೂ ಅದರ ಕಡಲ ರಾಕ್ಷಸರ ಬಗ್ಗೆಯೇ ಹೇಳುತ್ತಾರೆ. ನೀವು ನೆಲದ ಕಡೆ ನೋಡಿ. ಹಿಮಸಾರಂಗ, ಹಿಮದ ಮೇಲೆ ಜಾರುತ್ತ ಬೇಟೆಯಾಡುವವರು, ಮೀನು ಹಿಡಿಯುವವರು. ದಕ್ಷಿಣದವರು ಖಾಲಿ ಅಂದುಕೊಂಡಿದ್ದ ತುತ್ತತುದಿಯ ಉತ್ತರದಲ್ಲೂ ಜನ ಏನಾದರೊಂದು ಕೆಲಸ ಮಾಡುತ್ತಿದ್ದಾರೆ. ಗಡಿಯ ಕಡೆಗೆ ಸ್ಮಾರಕ ಹುಡುಕಬೇಡಿ, ಕೆಲಸ ಮಾಡುವ ಮನುಷ್ಯರನ್ನು ಬಿಡಿಸಿ.

ಕೇಳಿದವರು

ರಾಜಧಾನಿಯ ಐದು ಚಿತ್ರ ಅಳಿಸಿದೆ. ಮರ ಇರಲಿ. ಅದರ ಕೆಳಗೆ ಯಾರು ಇರಬೇಕು ಅಂತ ಇವತ್ತು ಆ ಮಗುವನ್ನೇ ಕೇಳಿದೆ. "ನಮ್ಮಜ್ಜಿ, ಬುಟ್ಟಿ ಹೆಣೀತಾ ಇರ್ತಾಳೆ" ಅಂದಳು. ನಾಳೆ ಅದನ್ನೇ ಬಿಡಿಸುತ್ತೇನೆ.