ಸಹಾಯ ಬೇಕು: ನೀರೊಳಗಿನ 25 ಮೀಟರ್, 18ಕ್ಕೇ ಮೇಲೆ ಬರುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ಸೇನೆಯ ಈಜು ಪರೀಕ್ಷೆಗೆ ತಯಾರಾಗುತ್ತಿರುವ ನಾಲ್ವರು ಹುಡುಗರಿಗೆ ಮಡಿಕೇರಿ, ಕುಶಾಲನಗರ ಕಡೆಯ ಅನುಭವಿ ಈಜುಗಾರರ ನೆರವು ಬೇಕು.

ಈಗಿನ ಕ್ರಮ ಹೀಗಿದೆ: ಗೋಡೆ ಒದ್ದು ಮೈ ನೀಳವಾಗಿಟ್ಟು ಜಾರುವುದು, ವೇಗ ಇಳಿಯುವಾಗ ಎರಡೂ ಕೈಗಳನ್ನು ತೊಡೆತನಕ ಎಳೆದು ಮತ್ತೆ ಜಾರುವುದು, ಕೈಗಳನ್ನು ಎದೆಗಂಟಿಸಿಕೊಂಡೇ ಮುಂದೆ ತಂದು ಒಂದು ಕಪ್ಪೆ ಒದೆತ. ಏಳೆಂಟು ಎಳೆತದಲ್ಲಿ ಮುಗಿಯಬೇಕಾದ ದೂರಕ್ಕೆ ಇವರಿಗೆ 11 ಬೇಕಾಗುತ್ತಿದೆ. ಗೋಡೆ ಎಷ್ಟು ದೂರ ಅಂತ ತಲೆ ಎತ್ತುತ್ತಾರೆ. ಸೊಂಟ ಕುಸಿದು ನೀರು ಎದುರು ಒತ್ತುತ್ತದೆ. ಗಾಬರಿಗೆ ಜಾರುವಿಕೆಯನ್ನೂ ಮೊಟಕು ಮಾಡುತ್ತಾರೆ, ಉಸಿರು ಕರಗುವುದು ಅಲ್ಲೇ. ಒದೆತ ಯಾವ ಹಂತದಲ್ಲಿ ಬರಬೇಕು ಎಂಬುದನ್ನು ಪಕ್ಕದಿಂದ ವಿಡಿಯೋ ಮಾಡಿ ತಿದ್ದುವವರು ಸಿಗುತ್ತಾರಾ?

ಹೊರಡುವ ಮುಂಚೆ ಜೋರಾಗಿ ಇಪ್ಪತ್ತು ಸಲ ಉಸಿರಾಡಿ ಎಂಬ ಸಲಹೆ ಮಾತ್ರ ದಯವಿಟ್ಟು ಬೇಡ. ಅದರಿಂದ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆನ್ನುವ ಸೂಚನೆಯೇ ತಡವಾಗಿ, ಅಷ್ಟರಲ್ಲಿ ಪ್ರಜ್ಞೆ ತಪ್ಪಬಹುದು. ಆರಾಮಾಗಿ ಎರಡು ಮೂರು ಉಸಿರು ಸಾಕು. ಸುತ್ತಿನ ನಡುವೆ ಕನಿಷ್ಠ 2 ನಿಮಿಷ ವಿಶ್ರಾಂತಿ. ಒಬ್ಬ ನೀರಲ್ಲಿದ್ದರೆ ಇನ್ನೊಬ್ಬ ದಡದಲ್ಲಿ ಜೊತೆಗೇ ನಡೆಯುತ್ತಾನೆ, ಎದ್ದ ಮೇಲೂ 30 ಸೆಕೆಂಡ್ ಕಣ್ಣು ತೆಗೆಯುವುದಿಲ್ಲ.

ಹಾರಂಗಿ ಹಿನ್ನೀರು, ಕಾವೇರಿ ಹೊಳೆ ಸೂಚಿಸಬೇಡಿ. ಮಳೆಗಾಲದ ಕೆಂಪು ನೀರಲ್ಲಿ ಮುಳುಗಿದವನು ಕಾಣುವುದೇ ಇಲ್ಲ. ಒಂದೂವರೆ ಮೀಟರ್ ಆಳದ, ಜೀವರಕ್ಷಕರಿರುವ ಕೊಳ ಬೆಳಿಗ್ಗೆ ಒಂದು ಗಂಟೆ ಸಿಗುವಂತಿದ್ದರೆ ಶುಲ್ಕದ ಸಮೇತ ತಿಳಿಸಿ.