ಲೋಡ್ ಇದ್ದಾಗ ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲ, ಇಳಿಜಾರಿನಲ್ಲಿ ಗಾಡಿ ಜಾರುತ್ತೆ

ಪ್ರಶ್ನೆ

ಆರು ಚಕ್ರದ ಲಾರಿ, ಪೂರ್ತಿ ಏರ್ ಬ್ರೇಕ್. ಸ್ಲ್ಯಾಕ್ ಅಡ್ಜಸ್ಟರ್ (ಲೈನರ್, ಡ್ರಮ್ ನಡುವಿನ ಸಂದು ಸರಿಮಾಡುವ ತೋಳು) ಕೈಯಿಂದ ಟೈಟ್ ಮಾಡುವಂಥದ್ದು. ಖಾಲಿ ಗಾಡಿ ಇಳಿಜಾರಿನಲ್ಲೂ ನಿಲ್ಲುತ್ತೆ. ಲೋಡ್ ಹಾಕಿ ಹ್ಯಾಂಡ್ ಬ್ರೇಕ್ ಎಳೆದರೆ ಮೆಲ್ಲಗೆ ಜಾರೋಕೆ ಶುರು ಮಾಡುತ್ತೆ, ಪೆಡಲ್ ತುಳಿದುಕೊಂಡೇ ಕೂರಬೇಕು. ಓಡಿಸುವಾಗ ಪೆಡಲ್ ಬ್ರೇಕ್ ಚೆನ್ನಾಗಿದೆ. ಗೇಜಿನಲ್ಲಿ ಗಾಳಿ 8 ಬಾರ್ ತನಕ ಏರುತ್ತೆ. ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಬದಲಿಸಿ ತುಂಬ ದಿನ ಆಗಿಲ್ಲ. ಹ್ಯಾಂಡ್ ಬ್ರೇಕ್ ವಾಲ್ವ್ ಹೋಗಿದೆ, ಬದಲಿಸಿ ಅಂತ ಒಬ್ಬರು ಹೇಳಿದರು. ಬದಲಿಸಲೇ?

ಉತ್ತರ

ವಾಲ್ವ್ ಈಗಲೇ ಬೇಡ. ಹ್ಯಾಂಡ್ ಬ್ರೇಕ್ ಹಿಡಿಯೋದು ಗಾಳಿಯಿಂದಲ್ಲ, ಸ್ಪ್ರಿಂಗಿನಿಂದ. ಓಡುವಾಗ ಗಾಳಿ ಆ ಸ್ಪ್ರಿಂಗನ್ನು ಒತ್ತಿ ಹಿಡಿದಿರುತ್ತೆ. ಲಿವರ್ ಎಳೆದಾಗ ವಾಲ್ವ್ ಆ ಗಾಳಿಯನ್ನು ಹೊರಗೆ ಬಿಡುತ್ತೆ, ಅಷ್ಟೇ. ಎಳೆದಾಗ ಬುಸ್ ಅಂತ ಗಾಳಿ ಪೂರ್ತಿ ಹೋಗುತ್ತಿದ್ದರೆ ವಾಲ್ವ್ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ. ಆಮೇಲೂ ಹಿಡಿಯದಿದ್ದರೆ ತಪ್ಪು ಹಿಂದಿನ ಚಕ್ರಗಳ ಹತ್ತಿರ ಇದೆ.

ಮೊದಲು ಅಳತೆ ತೆಗೆಯಿರಿ. ಸಮತಟ್ಟಾದ ಜಾಗ, ಚಕ್ರಗಳ ಹಿಂದೆ ಮುಂದೆ ಗಟ್ಟಿ ಕಟ್ಟೆ (ಗಾಡಿ ಉರುಳದಂತೆ ಇಡುವ ಅಡ್ಡ ತುಂಡು), ಗಾಳಿ ಟ್ಯಾಂಕ್ ತುಂಬಿರಲಿ, ಎಂಜಿನ್ ಆಫ್. ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಎರಡು ಬೂಸ್ಟರಿನ (ಚಕ್ರದ ಹತ್ತಿರ ಗಾಳಿ, ಸ್ಪ್ರಿಂಗ್ ಇರುವ ಡಬ್ಬಿ) ಪುಶ್ ರಾಡ್ (ಅದರಿಂದ ಹೊರಬಂದು ಸ್ಲ್ಯಾಕನ್ನು ತಳ್ಳುವ ಸರಳು) ಮೇಲೆ ಬೂಸ್ಟರಿನ ಅಂಚಿಗೆ ಸರಿಯಾಗಿ ಸೀಮೆಸುಣ್ಣದ ಗೀಟು ಹಾಕಿ. ಒಬ್ಬರು ಕ್ಯಾಬಿನ್‌ನಲ್ಲಿ ಪೆಡಲ್ ಪೂರ್ತಿ ತುಳಿದಿರಲಿ, ಗೀಟು ಎಷ್ಟು ಮಿಲಿಮೀಟರ್ ಹೊರಗೆ ಬಂತು ಅಳೆಯಿರಿ. ಪೆಡಲ್ ಬಿಟ್ಟ ಮೇಲೆ ಬರೀ ಹ್ಯಾಂಡ್ ಬ್ರೇಕ್ ಎಳೆದು ಮತ್ತೆ ಅಳೆಯಿರಿ. ಎರಡೂ ಕಡೆ, ಎರಡೂ ಬಗೆ, ಒಟ್ಟು ನಾಲ್ಕು ಅಂಕಿ ಬೇಕು. ಬೂಸ್ಟರ್ ಸೈಜ್ ಎಷ್ಟು ಅನ್ನೋದನ್ನೂ ಬರೆಯಿರಿ, ಅದರ ಮೈಮೇಲೆ ಅಚ್ಚಾಗಿರುತ್ತೆ.

ಪ್ರಶ್ನೆ ಕೇಳಿದವರು

ಸೈಜ್ 30, ಸಾಧಾರಣ ಸ್ಟ್ರೋಕಿನದು (ಸ್ಟ್ರೋಕ್ ಅಂದರೆ ರಾಡ್ ಹೊರಗೆ ಚಾಚುವ ದೂರ).
ಎಡ: ಪೆಡಲಿಗೆ 58, ಹ್ಯಾಂಡ್ ಬ್ರೇಕಿಗೆ 54.
ಬಲ: ಪೆಡಲಿಗೆ 43, ಹ್ಯಾಂಡ್ ಬ್ರೇಕಿಗೆ ಸೊನ್ನೆ. ಮೂರು ಸಲ ನೋಡಿದೆ ಅಣ್ಣ, ರಾಡ್ ಅಲುಗಲೇ ಇಲ್ಲ.

ಉತ್ತರ

ಆ ಸೊನ್ನೆಯೇ ನಿಮ್ಮ ದೊಡ್ಡ ರೋಗ. ಇಷ್ಟು ದಿನ ಒಂದೇ ಕಡೆಯ ಹ್ಯಾಂಡ್ ಬ್ರೇಕಿನಲ್ಲಿ ಗಾಡಿ ನಿಲ್ಲಿಸಿದ್ದೀರಿ, ಅದೂ ಅರೆಜೀವದ್ದು. ಖಾಲಿ ಗಾಡಿಗೆ ಸಾಕಾಯ್ತು, ಲೋಡಿಗೆ ಸಾಲಲಿಲ್ಲ.

ಬಲಗಡೆ ಪೆಡಲಿಗೆ ರಾಡ್ ಬರುತ್ತಿದೆ ಅಂದರೆ ಬೂಸ್ಟರಿನ ಮುಂದಿನ ಅರ್ಧ, ಅಂದರೆ ಪೆಡಲಿನ ಗಾಳಿ ಬರುವ ಭಾಗ, ಸರಿ ಇದೆ. ಹಿಂದಿನ ಅರ್ಧದಲ್ಲಿ ಸ್ಪ್ರಿಂಗ್ ಮುರಿದಿರಬೇಕು, ಇಲ್ಲವೇ ಯಾರೋ ಅದನ್ನು ಬೋಲ್ಟಿನಿಂದ ಕಟ್ಟಿ ಹಾಗೇ ಬಿಟ್ಟಿರಬೇಕು. ಬೂಸ್ಟರಿನ ಹಿಂಬದಿಯ ನಡುವೆ ರಬ್ಬರ್ ಮುಚ್ಚಳ ಇರಬೇಕು. ಮುಚ್ಚಳ ಇಲ್ಲದೆ ಉದ್ದನೆಯ ಬೋಲ್ಟ್ ಹೊರಗೆ ಚಾಚಿಕೊಂಡಿದ್ದರೆ ಸ್ಪ್ರಿಂಗ್ ಕಟ್ಟಿದ್ದಾರೆ ಅಂತ ಲೆಕ್ಕ. ಹಿಂದೆ ಯಾವಾಗಲಾದರೂ ಗಾಳಿ ಹೋಗಿ ಗಾಡಿ ಎಳೆಸಿದ್ದು ಉಂಟೇ? ಆಗ ಬ್ರೇಕ್ ಬಿಡಿಸಲು ಹೀಗೆ ಕಟ್ಟುತ್ತಾರೆ.

ಎಡಗಡೆಯದು ಬರೀ ಅಡ್ಜಸ್ಟ್‌ಮೆಂಟ್. 30ರ ಸಾಧಾರಣ ಬೂಸ್ಟರಿಗೆ ಪೆಡಲಿನಲ್ಲಿ 51 ಮಿ.ಮೀ. ಮಿತಿ, ನಿಮ್ಮದು ದಾಟಿದೆ. ರಾಡ್ ಒಟ್ಟು ಹೋಗಬಲ್ಲದ್ದೇ ಸುಮಾರು 64. ಸ್ಪ್ರಿಂಗ್ ಚಾಚಿದಷ್ಟೂ ಅದರ ಬಲ ಇಳಿಯುತ್ತೆ. 54ಕ್ಕೆ ಬರುವ ಹೊತ್ತಿಗೆ ಅದು ಸುಸ್ತಾಗಿರುತ್ತೆ.

ಒಂದು ಮಾತು ದಯವಿಟ್ಟು ಕೇಳಿ. ಸ್ಪ್ರಿಂಗ್ ಇರುವ ಹಿಂದಿನ ಅರ್ಧದ ಕ್ಲ್ಯಾಂಪ್ ರಿಂಗನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ಮನುಷ್ಯನನ್ನು ಕೊಲ್ಲುವಷ್ಟು ಬಲ ಹಿಡಿದಿಟ್ಟುಕೊಂಡಿರುತ್ತೆ, ಹಾಗೆ ಜೀವ ಕಳೆದುಕೊಂಡವರು ಇದ್ದಾರೆ. ಸ್ಪ್ರಿಂಗ್ ಮುರಿದಿದ್ದರೆ ಇಡೀ ಬೂಸ್ಟರ್ ಬದಲಿಸಿ, ರಿಪೇರಿ ಬೇಡ.

ಪ್ರಶ್ನೆ ಕೇಳಿದವರು

ಬೋಲ್ಟ್ ಇದೆ! ಮಣ್ಣು ಮೆತ್ತಿ ಕಾಣುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಪೈಪ್ ಒಡೆದು ಗಾಡಿ ದಾರಿಯಲ್ಲಿ ನಿಂತಾಗ ಬಂದ ಮೆಕ್ಯಾನಿಕ್ ಬ್ರೇಕ್ ಬಿಡಿಸಿ ಎಳೆಸಿದ್ದರು. ಎಡಗಡೆಯದನ್ನು ವಾಪಸ್ ಬಿಟ್ಟಿದ್ದಾರೆ, ಬಲಗಡೆಯದನ್ನು ಮರೆತಿದ್ದಾರೆ. ಬಿಚ್ಚೋದು ಹೇಗೆ?

ಉತ್ತರ

ಟ್ಯಾಂಕ್ ಪೂರ್ತಿ ತುಂಬಿಸಿ, ಕಟ್ಟೆ ಹಾಗೇ ಇರಲಿ, ಹ್ಯಾಂಡ್ ಬ್ರೇಕ್ ಬಿಡಿ. ಆಗ ಸ್ಪ್ರಿಂಗಿನ ಭಾರವನ್ನು ಗಾಳಿ ಹೊತ್ತುಕೊಳ್ಳುತ್ತೆ, ಬೋಲ್ಟ್ ಹಗುರವಾಗಿ ತಿರುಗುತ್ತೆ. ಬಿಗಿಯಾಗಿದ್ದರೆ ಗಾಳಿ ಸಾಲದು ಅಂತ ತಿಳಿದು ನಿಲ್ಲಿಸಿ. ಬರೀ ಸ್ಪ್ಯಾನರ್ ಸಾಕು, ಗಾಳಿ ಗನ್ ಹಾಕಬೇಡಿ. ಬೂಸ್ಟರಿನ ನೇರ ಹಿಂದೆ ಮುಖ ಇಟ್ಟುಕೊಳ್ಳಬೇಡಿ.

ಬೋಲ್ಟಿಗೆ ನಟ್ ಇದ್ದು ಬೇರೆಯಾಗಿ ಬರುವಂಥದ್ದಾದರೆ, ನಟ್ ತೆಗೆದು ಬೋಲ್ಟನ್ನು ಸ್ವಲ್ಪ ಒಳಕ್ಕೆ ಒತ್ತಿ ಕಾಲು ಸುತ್ತು ತಿರುಗಿಸಿ ಎಳೆಯಿರಿ. ಬೂಸ್ಟರಿನ ಪಕ್ಕದಲ್ಲೇ ಅದನ್ನಿಡುವ ಜಾಗ ಇರುತ್ತೆ, ಅಲ್ಲಿ ಸಿಕ್ಕಿಸಿ ನಟ್ ಬಿಗಿ ಮಾಡಿ. ಬೋಲ್ಟ್ ಬೂಸ್ಟರಿನ ಮೈಗೇ ಸೇರಿದ್ದಾದರೆ ಪೂರ್ತಿ ಒಳಗೆ ತಿರುಗಿಸಿ ಕೂರಿಸಿ. ಮುಚ್ಚಳ ಹಾಕಲೇಬೇಕು, ನೀರು ಹೋದರೆ ಸ್ಪ್ರಿಂಗ್ ತುಕ್ಕು ಹಿಡಿದು ಮುರಿಯುತ್ತೆ.

ಸ್ಲ್ಯಾಕ್ ಟೈಟ್ ಮಾಡುವಾಗಲೂ ಹ್ಯಾಂಡ್ ಬ್ರೇಕ್ ಬಿಟ್ಟೇ ಇರಬೇಕು. ಸ್ಪ್ಯಾನರಿನಿಂದ ಲಾಕ್ ಸ್ಲೀವ್ (ಅಡ್ಜಸ್ಟ್ ಬೋಲ್ಟ್ ತಾನಾಗಿ ತಿರುಗದಂತೆ ಹಿಡಿಯುವ ಬಳೆ) ಒಳಕ್ಕೆ ಒತ್ತಿ ಬೋಲ್ಟ್ ತಿರುಗಿಸಿ. ಬ್ರೇಕ್ ಹಿಡಿದಾಗ ಕ್ಯಾಮ್ (ತಿರುಗಿ ಲೈನರನ್ನು ಡ್ರಮ್ಮಿಗೆ ಒತ್ತುವ ಶಾಫ್ಟ್) ಯಾವ ದಿಕ್ಕಿಗೆ ತಿರುಗುತ್ತೋ ಈಗಲೂ ಅದೇ ದಿಕ್ಕಿಗೆ ತಿರುಗಬೇಕು. ಲೈನರ್ ಡ್ರಮ್ಮಿಗೆ ತಾಗುವ ತನಕ ಹೋಗಿ, ಆಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತಿನ ತನಕ ವಾಪಸ್. ಸ್ಲೀವ್ ತಾನಾಗಿ ಹೊರಗೆ ಬಂದು ಕೂತಿತೇ ನೋಡಿ. ಕೂರದಿದ್ದರೆ ದಾರಿಯಲ್ಲಿ ಸಡಿಲ ಆಗುತ್ತೆ.

ಇನ್ನೊಬ್ಬರು

ಇದನ್ನು ಓದುವ ಬೇರೆಯವರಿಗೆ: ನಿಮ್ಮ ಗಾಡಿಯಲ್ಲಿ ಆಟೋ ಸ್ಲ್ಯಾಕ್ ಇದ್ದು ಸ್ಟ್ರೋಕ್ ಜಾಸ್ತಿ ಬಂದರೆ, ಕೈಯಿಂದ ಟೈಟ್ ಮಾಡಿ ಮುಂದೆ ಹೋಗಬೇಡಿ. ಅದು ತಾನೇ ಸರಿಮಾಡಿಕೊಳ್ಳಬೇಕಿತ್ತು, ಯಾಕೆ ಮಾಡಲಿಲ್ಲ ಅಂತ ಹುಡುಕಿ. ಕ್ಯಾಮ್ ಬುಷ್ ಸವೆದಿರುತ್ತೆ, ಪಿನ್ನು ಆಡುತ್ತಿರುತ್ತೆ, ಬೂಸ್ಟರಿನ ಬ್ರಾಕೆಟ್ ಸಡಿಲ ಆಗಿರುತ್ತೆ, ಅಥವಾ ಅಡ್ಜಸ್ಟರೇ ಹೋಗಿರುತ್ತೆ.

ಕೇಳಿದವರಿಗೂ ಒಂದು ಮಾತು. ಹ್ಯಾಂಡ್ ಬ್ರೇಕ್ ಎಳೆದೇ ಪೆಡಲನ್ನೂ ತುಳಿದು ಕೂರುತ್ತಿದ್ದೆ ಅಂದಿರಿ. ಕೆಲವು ಗಾಡಿಗಳಲ್ಲಿ ಅದನ್ನು ತಡೆಯುವ ವಾಲ್ವ್ ಇರುತ್ತೆ. ಇಲ್ಲದ ಗಾಡಿಯಲ್ಲಿ ಸ್ಪ್ರಿಂಗಿನ ಬಲ, ಗಾಳಿಯ ಬಲ ಎರಡೂ ಕೂಡಿ ಸ್ಲ್ಯಾಕ್ ಮತ್ತು ಕ್ಯಾಮ್ ಮೇಲೆ ಬೀಳುತ್ತೆ. ಎಡಗಡೆಯ ಸ್ಲ್ಯಾಕಿನಲ್ಲಿ ಬಿರುಕು ಇದೆಯೇ ಒರೆಸಿ ನೋಡಿ.

ಪ್ರಶ್ನೆ ಕೇಳಿದವರು

ಬೋಲ್ಟ್ ಬಿಚ್ಚಿದೆ, ಲಿವರ್ ಎಳೆದ ತಕ್ಷಣ ಬಲಗಡೆ ರಾಡ್ ಚಿಮ್ಮಿತು. ಎರಡೂ ಕಡೆ ಟೈಟ್ ಮಾಡಿದೆ, ಈಗ ಪೆಡಲಿಗೆ ಎಡ 36, ಬಲ 37. ಸ್ಲ್ಯಾಕಿನಲ್ಲಿ ಬಿರುಕು ಇಲ್ಲ. ಆದರೆ ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡಿಸಿ ನೋಡಿದರೆ ಎಡ ಡ್ರಮ್ ಕೈ ಹತ್ತಿರ ತರೋಕಾಗದಷ್ಟು ಬಿಸಿ.

ಉತ್ತರ

ಟೈಟ್ ಮಾಡಿದಾಗ ಡ್ರಮ್ ಬಿಸಿ ಇತ್ತೇ?

ಪ್ರಶ್ನೆ ಕೇಳಿದವರು

ಹೌದು, ಟ್ರಿಪ್ ಮುಗಿಸಿ ಬಂದ ಕೂಡಲೇ ಮಾಡಿದ್ದು. ಬಲಗಡೆಯದನ್ನು ಊಟ ಆದಮೇಲೆ ಮಾಡಿದೆ.

ಉತ್ತರ

ಅದೇ. ಬಿಸಿ ಡ್ರಮ್ ಹಿಗ್ಗಿರುತ್ತೆ. ಆಗ ಸರಿ ಅನಿಸಿದ ಸಂದು ರಾತ್ರಿ ಆರಿದ ಮೇಲೆ ಉಳಿಯಲಿಲ್ಲ, ಲೈನರ್ ಉಜ್ಜಿಕೊಂಡೇ ಓಡಿದೆ. ಪೂರ್ತಿ ತಣ್ಣಗಾಗಲು ಬಿಟ್ಟು ಎಡಗಡೆಯದನ್ನು ಮೊದಲಿನಿಂದ ಮಾಡಿ. ಚಕ್ರ ಜಾಕ್ ಮೇಲೆ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕೈಯಿಂದ ತಿರುಗಿಸಿ. ಲೈನರ್ ಉಜ್ಜುವ ಸದ್ದು ಇರಬಾರದು.

ಪ್ರಶ್ನೆ ಕೇಳಿದವರು

ತಣ್ಣಗಿದ್ದಾಗ ಮಾಡಿದೆ, ಈಗ ಎಡ 38, ಬಲ 37. ಓಡಿಸಿ ಬಂದು ನೋಡಿದೆ, ಎರಡೂ ಡ್ರಮ್ ಒಂದೇ ಬೆಚ್ಚಗೆ. ನಿನ್ನೆ ಪೂರ್ತಿ ಲೋಡಿನಲ್ಲಿ ಮೊದಲು ಜಾರುತ್ತಿದ್ದ ಇಳಿಜಾರಿನಲ್ಲೇ ನಿಲ್ಲಿಸಿ, ಕಟ್ಟೆಯನ್ನು ಚಕ್ರದಿಂದ ಒಂದು ಗೇಣು ದೂರ ಇಟ್ಟು ಅರ್ಧ ಗಂಟೆ ಕಾದೆ. ಗಾಡಿ ಕದಲಲಿಲ್ಲ. ವಾಲ್ವ್ ಹಳೆಯದೇ ಇದೆ.